ಹಿತ್ತಲಿನ ಮಿಲಿಟರಿ ಲಾರಿ

ಸೇನೆಯವರ ಹರಾಜಿನಲ್ಲಿ ಆ ಲಾರಿಯನ್ನು ಹಿಡಿದು ತಂದ ದಿನ ಅವಳ ಗಂಡನಿಗೆ ಊಟದ ನೆನಪೇ ಇರಲಿಲ್ಲ. ಇನ್ನೊಂದು ಲಾರಿಗೆ ಸರಪಳಿ ಬಿಗಿದು ಎಳೆಸಿಕೊಂಡು ಬಂದಿದ್ದ. ಗೇಟಿನಲ್ಲಿ ಹಿಡಿಸದೆ ಒಂದು ಕಂಬವನ್ನೇ ಒಡೆಯಬೇಕಾಯಿತು. ಬಣ್ಣ ಹಸಿರೋ ಕಂದೋ ಹೇಳಲಾಗದಷ್ಟು ಮಾಸಿತ್ತು. ಎಂಜಿನ್ ಜಾಮ್ ಆಗಿತ್ತು, ಹಿಂಬದಿಯ ಹಲಗೆಗಳು ಕೊಳೆತಿದ್ದವು, ಡ್ರೈವರ್ ಸೀಟಿನ ಸ್ಪಂಜಿನೊಳಗೆ ಇಲಿ ಸಂಸಾರ ಹೂಡಿತ್ತು.

"ಇದನ್ನ ರಸ್ತೆಗೆ ಇಳಿಸ್ತೀನಿ, ನೋಡ್ತಿರು" ಎಂದ.

"ಮೊದಲು ಬಚ್ಚಲಿನ ನಲ್ಲಿ ಸರಿಮಾಡಿ" ಎಂದಳು ಅವಳು.

ಅವತ್ತಿನಿಂದ ಬೀದಿಯವರೆಲ್ಲ ಅವನನ್ನು ಮಿಲಿಟರಿ ಎಂದೇ ಕರೆಯತೊಡಗಿದರು.

ಅವರದು ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡು. ಮಾವ ಕೈಯಾರೆ ಬೆಳೆಸಿದ್ದು. ಕಬ್ಬಿಣ ಮತ್ತು ಮರದ ಕೆಲಸ ಅಪ್ಪ ಮಗನದು. ಸೊಸೆಯಾದ ಅವಳು ಮುಂದಿನ ಕೋಣೆಯಲ್ಲಿ ದಪ್ಪ ಹೊಲಿಗೆ ಯಂತ್ರದ ಮುಂದೆ ಕೂತು ಟಾರ್ಪಾಲು, ಸೀಟಿನ ಕವರು ಹೊಲಿಯುತ್ತಿದ್ದಳು. ಡ್ರೈವರುಗಳ ಬಾಯಲ್ಲಿ ಅವಳು ಟಾರ್ಪಾಲ್ ಅಕ್ಕ. ಮನೆ ಶೆಡ್ಡಿನ ಮೇಲೆಯೇ ಇತ್ತು. ಅಡುಗೆಮನೆಯ ಕಿಟಕಿಯಿಂದ ಹಿತ್ತಲು ಪೂರ್ತಿ ಕಾಣುತ್ತಿತ್ತು.

ಲಾರಿ ಬಂದ ಮರುವರ್ಷ, ಒಂದು ಮಧ್ಯಾಹ್ನ, ಅವಳ ಗಂಡ ಗೇರ್ ಬಾಕ್ಸ್ ಇಳಿಸಲು ಅದರ ಅಡಿಗೆ ಹೋದ. ಸ್ಪ್ಯಾನರ್ ತಿರುಗಿಸಲು ಜಾಗ ಸಾಲದೆಂದು, ಲಾರಿಗೆ ಆಸರೆಯಾಗಿ ಕೊಟ್ಟಿದ್ದ ಒಂದು ಸ್ಟ್ಯಾಂಡನ್ನು ತೆಗೆದು ಪಕ್ಕಕ್ಕಿಟ್ಟ. ಹಿಂದಿನ ದಿನ ಮಳೆಯಾಗಿ ನೆಲ ಮೆತ್ತಗಿತ್ತು. ಜಾಕ್ ವಾಲಿತು. ಅವನಿಗೆ ಕೂಗಲೂ ಆಗಲಿಲ್ಲ. ಅತ್ತೆ ಕಿಟಕಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದರು. ಲಾರಿ ಒಂದು ಮಗ್ಗುಲಿಗೆ ಕುಸಿದದ್ದನ್ನು ಕಣ್ಣಾರೆ ಕಂಡವರು ಅವರೊಬ್ಬರೇ.

ಆಮೇಲೆ ಎಷ್ಟೋ ವಾರ ಶೆಡ್ಡಿನ ಬಾಗಿಲು ತೆರೆಯಲಿಲ್ಲ. ತೆರೆದಾಗ ಮಾವ ಗಿರಾಕಿಗಳ ಕೆಲಸ ಮುಟ್ಟದೆ ನೇರ ಹಿತ್ತಲಿಗೆ ಹೋಗಿ, ಮಗ ಎಲ್ಲಿ ಬಿಟ್ಟಿದ್ದನೋ ಅಲ್ಲಿಂದಲೇ ಶುರುಮಾಡಿದರು. ಗೇರ್ ಬಾಕ್ಸ್ ಇಳಿಸಿದರು. ಎಂಜಿನ್ ಬಿಚ್ಚಿ ಪಿಸ್ಟನ್‌ಗಳನ್ನು ಡೀಸೆಲಿನಲ್ಲಿ ನೆನೆಹಾಕಿದರು. ಅತ್ತೆ ಅಡುಗೆಮನೆಯ ಕಿಟಕಿ ಮುಚ್ಚಿದವರು ಒಗ್ಗರಣೆಯ ಘಾಟಿಗೆ ಕೆಮ್ಮು ಬಂದರೂ ತೆರೆಯುತ್ತಿರಲಿಲ್ಲ. ಗಂಡ ಹೆಂಡತಿ ಮಾತಾಡಿಕೊಳ್ಳುವುದಿದ್ದರೆ ಸೊಸೆಯ ಮೂಲಕವೇ. "ನಿನ್ನ ಮಾವನಿಗೆ ಊಟಕ್ಕೆ ಬರೋಕೆ ಹೇಳು." "ನಿನ್ನ ಅತ್ತೆಗೆ ಹೇಳು, ಹಸಿವಿಲ್ಲ ಅಂತ."

ಗುಜರಿಯವನನ್ನು ಕರೆಸಿದ್ದು ಅತ್ತೆ. ಅವನು ಲಾರಿಯ ಸುತ್ತ ಒಂದು ಸುತ್ತು ಬಂದು, ಚಾಸಿಯನ್ನು ಬೆರಳಿನಿಂದ ತಟ್ಟಿ, "ಗಟ್ಟಿ ಕಬ್ಬಿಣ. ಗ್ಯಾಸ್ ಕಟಿಂಗ್ ಮಾಡಿದ್ರೆ ಬೇಗ ಮುಗಿಯುತ್ತೆ" ಎಂದ. ಮಾವ ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಡದೆ ಅವನನ್ನು ಗೇಟಿನವರೆಗೂ ಬಿಟ್ಟುಬಂದರು.

ಅದೇ ವಾರ ಹೆದ್ದಾರಿಯ ಹೋಟೆಲಿನ ಮಾಲೀಕರೊಬ್ಬರು ಬಂದರು. ಅವರಿಗೆ ಲಾರಿ ಹೋಟೆಲಿನ ಮುಂದೆ ನಿಲ್ಲಿಸಲು ಬೇಕಿತ್ತು.

"ಎಂಜಿನ್ ಬೇಕಾಗಿಲ್ಲ ಯಜಮಾನ್ರೆ. ಬಣ್ಣ ಹೊಡೆದು ಸೀರಿಯಲ್ ಲೈಟ್ ಹಾಕಿಸ್ತೀವಿ. ಜನ ಹತ್ತಿ ಫೋಟೋ ತೆಗೆಸಿಕೊಳ್ತಾರೆ."

ಮಾವ ಎದ್ದು ಹಿತ್ತಲಿಗೆ ನಡೆದರು. ಹೋಟೆಲಿನವರು ಸೊಸೆಯ ಕಡೆ ತಿರುಗಿ, "ಯೋಚನೆ ಮಾಡಿ ಹೇಳಿಮ್ಮ" ಎಂದು ಹೊರಟರು.

ಅಂದು ಊಟದ ಹೊತ್ತಿಗೆ ಅತ್ತೆ ಬಾಯಿಬಿಟ್ಟರು. ಗಂಡನ ಮುಖವನ್ನೇ ನೋಡುತ್ತ ಕೇಳಿದರು.

"ಎಲ್ಲಿವರೆಗೆ ರೀ ಇದು?"

"ಮುಗಿಯೋವರೆಗೆ."

"ಮುಗಿದ ಮೇಲೆ? ಅದನ್ನ ಹತ್ತಿಕೊಂಡು ಎಲ್ಲಿಗೆ ಹೋಗ್ತೀರಿ?"

"ಅವನು ಶುರುಮಾಡಿದ ಕೆಲಸ. ಅರ್ಧಕ್ಕೆ ಬಿಟ್ರೆ ಅವನು ಸತ್ತಿದ್ದು ಯಾತಕ್ಕೆ?"

"ಯಾತಕ್ಕೂ ಅಲ್ಲ!" ಅತ್ತೆಯ ದನಿ ಒಡೆಯಿತು. "ಯಾತಕ್ಕೂ ಅಲ್ಲ ಕಣ್ರೀ. ಸ್ಟ್ಯಾಂಡ್ ತೆಗೆದು ಅಡಿಗೆ ನುಗ್ಗೋದನ್ನ ಅವನಿಗೆ ಕಲಿಸಿದ್ದು ಯಾರು? ಹೆದರೋನು ಕೆಲಸಗಾರನೇ ಅಲ್ಲ ಅಂತ ಬೆನ್ನು ತಟ್ಟಿದ್ದು ಯಾರು?"

ಮಾವ ತಟ್ಟೆಯಲ್ಲೇ ಕೈ ತೊಳೆದರು. ಎದ್ದು ಹೋಗುವ ಮುನ್ನ ಸೊಸೆಗೆ ಹೇಳಿದರು:

"ಲಾರಿ ಈಗ ನಿನ್ನ ಹೆಸರಲ್ಲಿದೆ. ನಮ್ಮಿಬ್ಬರ ಮಾತು ಬಿಡು. ಏನು ಮಾಡಬೇಕು ಅಂತ ನೀನೇ ಹೇಳು."

ಅವಳು ತಟ್ಟೆಗಳನ್ನು ಎತ್ತಿಟ್ಟಳು. ಅತ್ತೆ ಹೇಳಿದ್ದೂ ಸರಿ, ಮಾವ ಹೇಳಿದ್ದೂ ಸರಿ ಎನಿಸುತ್ತಿತ್ತು. ಮಾರನೆಯ ದಿನ ಅಳತೆ ಪಟ್ಟಿ ಹಿಡಿದು ಹಿತ್ತಲಿಗೆ ಇಳಿದಳು. ಗಂಡ ಹೋದಮೇಲೆ ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಹಿಂಬದಿಯ ಹಲಗೆ ಹತ್ತಿ ನಿಂತಳು. ಮಾವ ಹೊಸ ಹಲಗೆ ಕೂರಿಸಿ, ತುಕ್ಕು ಉಜ್ಜಿ, ಟಾರ್ಪಾಲು ಹೊದಿಸುವ ಕಬ್ಬಿಣದ ಕಮಾನುಗಳನ್ನು ನೆಟ್ಟಗೆ ಮಾಡಿದ್ದರು. ಕೆಲಸ ಅಚ್ಚುಕಟ್ಟಾಗಿತ್ತು. ಗಂಡ ಇದೇ ಜಾಗದಲ್ಲಿ ನಿಂತು, "ಇದರ ಟಾರ್ಪಾಲು ಮಾತ್ರ ನಿನ್ನ ಕೈಯಿಂದಲೇ ಆಗಬೇಕು" ಎಂದಿದ್ದ. ಅವಳು ಕಮಾನುಗಳ ಅಳತೆ ತೆಗೆದಳು. ಮಾವ ಕೆಳಗೆ ನಿಂತು ನೋಡಿದರು. ಬಹಳ ದಿನಗಳ ಮೇಲೆ ಅವರ ಮುಖ ಸ್ವಲ್ಪ ಸಡಿಲವಾಗಿತ್ತು.

"ಹಸಿರು ಕ್ಯಾನ್ವಾಸ್ ಸಿಗುತ್ತಾ?"

"ಸಿಗುತ್ತೆ ಮಾವ. ತರಿಸ್ತೀನಿ."

ಕ್ಯಾನ್ವಾಸು ಬಂತು. ಅವಳು ಎರಡು ಮಗ್ಗುಲು ಕತ್ತರಿಸಿ, ಅಂಚು ಮಡಚಿ, ಹಿತ್ತಾಳೆಯ ರಿಂಗುಗಳನ್ನು ಹೊಡೆದಳು. ಹೊಲಿಯುವಾಗ ಮನಸ್ಸು ಹಗುರಾಗುತ್ತಿತ್ತು. ಲಾರಿ ಎದ್ದು ನಿಂತು ಒಮ್ಮೆ ಬೀದಿಯ ಕೊನೆಯವರೆಗೆ ಹೋಗಿಬಂದರೆ ಸಾಕು, ಆಮೇಲೆ ಹೋಟೆಲಿನವರಿಗಾದರೂ ಕೊಡಲಿ, ಯಾರಿಗಾದರೂ ಕೊಡಲಿ ಎಂದುಕೊಂಡಳು. ಅತ್ತೆ ಮಾತ್ರ ಆ ಹಸಿರು ಬಟ್ಟೆ ಕಂಡಂದಿನಿಂದ ಅವಳ ಜೊತೆಗೂ ಮಾತು ನಿಲ್ಲಿಸಿದರು.

ಟಾರ್ಪಾಲಿನ ಮೂರನೆಯ ಮಗ್ಗುಲು ಹೊಲಿಯುತ್ತಿದ್ದಾಗ ಹಿತ್ತಲಿನ ಸದ್ದು ನಿಂತದ್ದು ಅವಳ ಗಮನಕ್ಕೆ ಬಂತು. ಯಂತ್ರ ನಿಲ್ಲಿಸಿ ಕಿವಿಗೊಟ್ಟಳು. ಸುತ್ತಿಗೆಯಿಲ್ಲ, ಅರದ ಸದ್ದಿಲ್ಲ. "ಮಾವ?" ಎಂದು ಕೂಗಿದಳು. ಉತ್ತರವಿಲ್ಲ. ಚಪ್ಪಲಿ ಮೆಟ್ಟದೆ ಓಡಿದಳು.

ಲಾರಿಯ ಅಡಿಯಿಂದ ಮಾವನ ಎರಡು ಕಾಲು ಹೊರಗೆ ಚಾಚಿದ್ದವು. ಅಲುಗಾಡುತ್ತಿರಲಿಲ್ಲ.  ಮಂಡಿಯೂರಿ ಬಗ್ಗಿ ನೋಡಿದಳು. ಮಾವ ಅಂಗಾತ ಮಲಗಿದ್ದರು. ಕಣ್ಣು ತೆರೆದಿತ್ತು, ಕೈ ಎದೆಯ ಮೇಲಿತ್ತು. ಪಕ್ಕದಲ್ಲಿ ಸಾಮಾನು ಏನೂ ಇರಲಿಲ್ಲ. ಲಾರಿ ಬರೀ ಒಂದು ಜಾಕಿನ ಮೇಲೆ ನಿಂತಿತ್ತು. ಎರಡೂ ಸ್ಟ್ಯಾಂಡುಗಳನ್ನು ಅವರು ಗೋಡೆಗೆ ಒರಗಿಸಿಟ್ಟಿದ್ದರು.

"ಮಾವ, ಏನ್ ಮಾಡ್ತಿದ್ದೀರಿ?"

"ಏನಿಲ್ಲಮ್ಮ. ಇಲ್ಲಿಂದ ಅವನಿಗೆ ಏನು ಕಂಡಿರಬಹುದು ಅಂತ ನೋಡ್ತಿದ್ದೆ."

"ಹೊರಗೆ ಬನ್ನಿ."

"ಅವನಿಗೆ ಗೇರ್ ಬಾಕ್ಸಿನ ನಟ್ಟು, ಅಷ್ಟೇ ಕಂಡಿರೋದು. ಆಕಾಶ ಕೂಡ ಕಾಣಲ್ಲ."

"ಮಾವ, ನಿಮ್ಮ ದಮ್ಮಯ್ಯ. ಬನ್ನಿ."

ಅವರು ಬರಲಿಲ್ಲ. ಅವಳಿಗೆ ಜಾಕನ್ನು ಮುಟ್ಟಲು ಭಯ, ಅವರನ್ನು ಎಳೆಯಲೂ ಭಯ. ಕೊನೆಗೆ ನೆಲದ ಮೇಲೆ ಮಲಗಿ, ತಾನೂ ಅಡಿಗೆ ತೆವಳತೊಡಗಿದಳು. ಅದನ್ನು ನೋಡಿ ಮಾವ ಗಾಬರಿಯಾಗಿ, "ಏ ಏ, ನೀನು ಬರಬೇಡ, ತೆಗಿ ತಲೆ!" ಎಂದು ಕೂಗುತ್ತ ಮೊಣಕೈ ಊರಿ ಹೊರಗೆ ಬಂದರು. ಇಬ್ಬರೂ ಮಣ್ಣಿನಲ್ಲಿ ಕೂತರು. ಅವರ ಬೆನ್ನೆಲ್ಲ ಆಯಿಲ್ ಆಗಿತ್ತು. 

"ಇವತ್ತೇ ಮೊದಲಾ?" ಎಂದು ಕೇಳಿದಳು.

ಮಾವ ತಲೆ ಎತ್ತಲಿಲ್ಲ.

"ಮಾವ, ಇದನ್ನ ಬಿಚ್ಚಿಸಿಬಿಡ್ತೀನಿ."

"ಇನ್ನೊಂದು ವಾರ. ಎಂಜಿನ್ ಕೂರಿಸೋದಷ್ಟೇ ಬಾಕಿ. ಸ್ಟಾರ್ಟ್ ಆಗುತ್ತೆ ಕಣಮ್ಮ, ನನಗೆ ಗೊತ್ತು."

"ಆಗುತ್ತೆ. ಆದ್ರೂ ಬೇಡ."

"ಮಾರಿಬಿಡು ಹಾಗಾದ್ರೆ. ಆ ಹೋಟೆಲಿನವನಿಗೇ ಕೊಡು. ಲೈಟ್ ಹಾಕ್ಲಿ, ಏನಾದ್ರೂ ಮಾಡ್ಲಿ. ಇರುತ್ತಲ್ಲ, ಎಲ್ಲೋ ಒಂದು ಕಡೆ."

"ನೀವು ಬಸ್ಸು ಹತ್ತಿ ಅಲ್ಲಿಗೂ ಹೋಗ್ತೀರಿ. ಅಲ್ಲೂ ಹೀಗೇ ಮಲಗ್ತೀರಿ."

ಮಾವ ಅವಳ ಮುಖ ನೋಡಿದರು. ಇಲ್ಲ ಎನ್ನಲು ಅವರಿಗಾಗಲಿಲ್ಲ.

ಗುಜರಿಯವನು ಆಳುಗಳೊಂದಿಗೆ ಬಂದ. ಮೊದಲು ಡೀಸೆಲ್ ಟ್ಯಾಂಕು ಬಿಚ್ಚಿ ದೂರವಿಟ್ಟರು. ಆಮೇಲೆ ಗ್ಯಾಸ್ ಹಚ್ಚಿ ಕಮಾನು, ಬಾಡಿ, ಕ್ಯಾಬಿನ್ ಎಲ್ಲ ಕೊಯ್ದರು. ಹೊಸ ಹಲಗೆಗಳನ್ನು ಸೀಳಿ ಒಂದು ಕಡೆ ಒಟ್ಟಿದರು. ಬಣ್ಣ ಸುಟ್ಟ ವಾಸನೆ ಮನೆಯೊಳಗೆಲ್ಲ ತುಂಬಿತು. ಮಾವ ಬೀದಿ ಬದಿಯ ಬೆಂಚಿನ ಮೇಲೆ ಹಿತ್ತಲಿಗೆ ಬೆನ್ನು ಹಾಕಿ ಕೂತಿದ್ದರು. ಎಂಜಿನ್ನಿನ ಸರದಿ ಬಂದಾಗ ಮಾತ್ರ ದಡಬಡಿಸಿ ಎದ್ದು ಬಂದು ಅಡ್ಡ ನಿಂತರು.

"ಇದನ್ನ ಒಡೀಬೇಡಪ್ಪ. ಓಡೋ ಎಂಜಿನ್ ಇದು. ಯಾರಿಗಾದ್ರೂ ಕೊಡು, ನೀರೆತ್ತೋಕಾದ್ರೂ ಆಗುತ್ತೆ."

ಗುಜರಿಯವನು ಸೊಸೆಯ ಕಡೆ ನೋಡಿ, ಮೆಲ್ಲಗೆ, "ಆಯ್ತು ತಾತ, ಇಡಿಯಾಗೇ ತಗೊಂಡು ಹೋಗ್ತೀನಿ" ಎಂದ. ಹಗ್ಗ ಬಿಗಿದು ಜೋಪಾನವಾಗಿ ಏರಿಸಿದ. ಮಾವ ಅದರ ಮೇಲೆ ಒಂದು ಗೋಣಿ ಹೊದಿಸಿ, ಗೇಟು ದಾಟುವವರೆಗೆ ಜೊತೆಗೆ ನಡೆದರು.

ಕೆಲವು ದಿನ ಬಿಟ್ಟು, ಹಳೆ ಸೀಟಿನ ಚೌಕಟ್ಟು ಬೇಕಾಗಿ ಅವಳು ಗುಜರಿ ಅಂಗಡಿಗೆ ಹೋದಳು. ಎಂಜಿನ್ ಅಲ್ಲೇ ಇತ್ತು. ಅದನ್ನು ಚೂರುಚೂರು ಒಡೆದು, ತಾಮ್ರ ಬೇರೆ, ಬೀಡು ಕಬ್ಬಿಣ ಬೇರೆ ಮಾಡಿ ರಾಶಿ ಹಾಕಿದ್ದರು. ಅವಳು ಯಾರನ್ನೂ ಏನೂ ಕೇಳಲಿಲ್ಲ. ಮನೆಗೆ ಬಂದಾಗ ಮಾವ, "ಯಾರಾದ್ರೂ ತಗೊಂಡ್ರಂತಾ?" ಎಂದರು. "ತಗೊಂಡ್ರಂತೆ ಮಾವ" ಎಂದಳು.

ಲಾರಿ ಹೋದರೆ ಅತ್ತೆಗೆ ನೆಮ್ಮದಿ ಬರುತ್ತದೆಂದು ಅವಳು ನಂಬಿದ್ದಳು. ಒಂದು ಬೆಳಿಗ್ಗೆ ಅತ್ತೆ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಹಿತ್ತಲಿಗೆ ಇಳಿದರು. ಚಕ್ರಗಳು ಒತ್ತಿದ್ದ ತಗ್ಗುಗಳಲ್ಲಿ ನೀರು ನಿಂತಿತ್ತು. ಅದನ್ನು ನೋಡಿ, ಒಂದು ಬಟ್ಟೆಯನ್ನೂ ಹರವದೆ ವಾಪಸು ಬಂದರು. "ಜಾಗ ಖಾಲಿಯಾಯ್ತು, ಅಷ್ಟೇ" ಎಂದು ಬಟ್ಟೆಗಳನ್ನು ಒಳಗಿನ ಹಗ್ಗಕ್ಕೆ ಹಾಕತೊಡಗಿದರು.

ಹಸಿರು ಕ್ಯಾನ್ವಾಸನ್ನು ಅವಳು ತರಕಾರಿ ಗಾಡಿಗಳಿಗೆ ಕತ್ತರಿಸಿ ಹೊಲಿದಳು. ಒಬ್ಬ ವೆಲ್ಡರನ್ನು ಕೆಲಸಕ್ಕಿಟ್ಟುಕೊಂಡಳು. ಮಾವ ಶೆಡ್ಡಿನೊಳಗೆ ಬರುವುದನ್ನು ಬಿಟ್ಟರು. ಹಾಕಿದ್ದು ಉಣ್ಣುತ್ತಾರೆ, ಹೇಳಿದ ಔಷಧಿ ನುಂಗುತ್ತಾರೆ, ಬೆಂಚಿನ ಮೇಲೆ ಕೂತು ಬೀದಿ ನೋಡುತ್ತಾರೆ. ಜಗಳವಾಡಲಿಲ್ಲ, ಬೈಯಲೂ ಇಲ್ಲ. ಅವಳು ಜೊತೆಗೆ ಹೋಗಿ ಕೂತರೆ ಮಾತ್ರ ಒಂದು ನೆಪ ಹೇಳಿ ಎದ್ದುಬಿಡುತ್ತಾರೆ.

ಮೊನ್ನೆ ಹಳೆಯ ಡ್ರೈವರೊಬ್ಬ ಬೆಂಚಿನ ಹತ್ತಿರ ಲಾರಿ ನಿಲ್ಲಿಸಿ, "ಯಜಮಾನ್ರೆ, ಹಿಂದಿನ ಡೋರು ಸಡಿಲ ಆಗಿದೆ, ಒಂಚೂರು ನೋಡ್ತೀರಾ?" ಎಂದ.

ಮಾವ ಇಲ್ಲವೆಂದು ತಲೆಯಾಡಿಸಿದರು.

"ನನ್ನನ್ನ ಯಾಕಪ್ಪ ಕೇಳ್ತೀಯ? ಅದು ಸೊಸೆ ಅಂಗಡಿ. ಒಳಗೆ ಹೋಗಿ ಅವಳನ್ನ ಕೇಳು."

ಒಳಗೆ ಯಂತ್ರದ ಮುಂದಿದ್ದ ಅವಳಿಗೆ ಅದು ಕೇಳಿಸಿತು. ಡ್ರೈವರು ಬಾಗಿಲಿಗೆ ಬರುವಷ್ಟರಲ್ಲಿ ಕಣ್ಣು ಒರೆಸಿಕೊಂಡು, "ಬನ್ನಿ, ಏನಾಗಿದೆ ಡೋರಿಗೆ?" ಎಂದಳು.