ನರ್ಸ್ ಕೆಲೆರಾಳನ್ನು ಯಾವಾಗ ಎಬ್ಬಿಸಬೇಕು?

ಪುಟ್ಟ ದ್ವೀಪವೊಂದರ ನವುಲಾ ಊರಿನಲ್ಲಿ ನರ್ಸ್ ಕೆಲೆರಾಳ ಬಳಿಗೆ ಬರಿಗೈಯಲ್ಲಿ ಯಾರೂ ಹೋಗುತ್ತಿರಲಿಲ್ಲ. ತಲೆನೋವೆಂದು ಹೋದವರೂ ಒಂದು ಬುಟ್ಟಿ ಮರಗೆಣಸು ಹೊತ್ತೇ ಹೋಗುತ್ತಿದ್ದರು. ತಂದವರನ್ನು ಹಾಗೇ ಕಳಿಸುವುದು ಆ ದ್ವೀಪದಲ್ಲಿ ಮರ್ಯಾದೆಯಲ್ಲ. ಚಾಪೆ ಹಾಸಬೇಕು, ಕೂರಿಸಬೇಕು, ಜೊತೆಗೆ ಕೂತು ಒಂದು ತುತ್ತಾದರೂ ತಿನ್ನಬೇಕು.

ಆರುನೂರು ಜನಕ್ಕೆ ಒಬ್ಬಳೇ ನರ್ಸ್. ಆ ಜುಲೈನಲ್ಲಿ ಸರಕಿನ ದೋಣಿಯ ಜೊತೆ ಕೊರೋನಾ ಬಂದಿಳಿದ ಮೇಲೆ ಅವಳ ಬಾಗಿಲಿಗೆ ಬಿಡುವೇ ಇಲ್ಲ. ಬಂದವರೆಲ್ಲ ಪ್ರೀತಿಯಿಂದಲೇ ಬಂದರು. ತುತ್ತು ತಿನ್ನಲು ಅವಳು ಮಾಸ್ಕ್ ತೆಗೆಯಬೇಕು ಎಂಬುದು ಯಾರಿಗೂ ಹೊಳೆಯಲಿಲ್ಲ. ಒಂದು ಮಂಗಳವಾರ ಮುದುಕ ವಿಲಿಸೋನಿಯ ರಕ್ತದೊತ್ತಡ ನೋಡುತ್ತ ನೋಡುತ್ತಲೇ ಕೆಲೆರಾ ಕುರ್ಚಿಯಲ್ಲಿ ನಿದ್ದೆಹೋದಳು. ಪಾಪ, ಆ ಮುದುಕ ಅವಳಿಗೆ ಎಚ್ಚರವಾಗದಿರಲೆಂದು ತೋಳಿಗೆ ಪಟ್ಟಿ ಸುತ್ತಿಕೊಂಡೇ ಒಂದು ಗಂಟೆ ಅಲ್ಲಾಡದೆ ಕೂತಿದ್ದ.

ವಿಷಯ ಕೇಳಿ ದೋಣಿ ನಡೆಸುವ ಅಪಿಸಾಯಿಯ ಹೆಂಡತಿ ಮೆರೆಯೋನಿಗೆ ನಗುವೂ ಬಂತು, ಕಣ್ಣೂ ತುಂಬಿತು. ಅವಳ ಅತ್ತೆ ತಿತಿಲಿಯಾ ಊರಿನ ಹೆಂಗಸರ ಸಂಘದ ಅಧ್ಯಕ್ಷೆ. ಮಗ ಅಪಿಸಾಯಿಗೆ ಜ್ವರ ಹಿಡಿದಾಗಿನಿಂದ ಸೋಂಕು ತಗಲದಿರಲೆಂದು ತಿತಿಲಿಯಾ ತನ್ನ ತಂಗಿಯ ಮನೆಯಲ್ಲಿದ್ದಳು. ಅಲ್ಲಿಂದಲೇ ಅಪ್ಪಣೆ ಹೊರಡಿಸಿದಳು: "ಇನ್ಮೇಲೆ ಊಟ ಆದ್ಮೇಲೆ ಸಂಜೆವರೆಗೂ ಆ ಹುಡುಗಿ ಮಲಗ್ಬೇಕು. ಬಾಗಿಲಲ್ಲಿ ನಾನೇ ಕೂತ್ಕೋತೀನಿ. ಯಾರು ಬರ್ತಾರೋ ಬರಲಿ, ನೋಡೇ ಬಿಡ್ತೀನಿ!"

ಹೇಳಿದಂತೆ ಆಸ್ಪತ್ರೆಯ ಜಗುಲಿಯ ಮೇಲೆ ಗರಿ ಹರಡಿಕೊಂಡು ಚಾಪೆ ಹೆಣೆಯುತ್ತ ಕೂತಳು. ಕೆಲೆರಾಳ ಫೋನನ್ನೂ ಆರಿಸಿ ತನ್ನ ಬುಟ್ಟಿಯಲ್ಲಿಟ್ಟುಕೊಂಡಳು. ಮಲಗುವ ಮುಂಚೆ ಕೆಲೆರಾ ಬಾಗಿಲಿಗೆ ಒಂದು ಕಾಗದ ಅಂಟಿಸಿದಳು. ಊರ ಮುಖಂಡ ಅದನ್ನೇ ಧ್ವನಿವರ್ಧಕದಲ್ಲಿ ಓದಿಸಿದ. ಜ್ವರ, ಕೆಮ್ಮು, ಮೈಕೈ ನೋವು ಮಾತ್ರವಿದ್ದರೆ ಮನೆಯಲ್ಲೇ ಇರಿ, ನೀರು ಹೆಚ್ಚು ಕುಡಿಯಿರಿ, ಬೆಳಿಗ್ಗೆ ಫೋನಿನಲ್ಲಿ ಹೇಳಿ. ಉಸಿರು ಸಾಲದಿದ್ದರೆ, ಎದೆ ನೋವು ಬಂದರೆ, ತುಟಿ ನೀಲಿಗಟ್ಟಿದರೆ, ಮಾತು ತಡವರಿಸಿದರೆ, ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ನೋಡುವ ಯಂತ್ರ ತೊಂಬತ್ತನಾಲ್ಕಕ್ಕಿಂತ ಕಡಿಮೆ ತೋರಿಸಿದರೆ ನನ್ನನ್ನು ಎಬ್ಬಿಸಿ.

ತಿತಿಲಿಯಾಗೆ ಕಾಗದಗಳ ಮೇಲೆ ನಂಬಿಕೆಯಿರಲಿಲ್ಲ. "ಒಂದು ತಿಂಗಳಲ್ಲಿ ಇದು ಮೂರನೇದು! ಮೊದ್ಲು ಹದಿನಾಲ್ಕು ದಿನ ಒಳಗಿರಿ ಅಂದ್ರು, ಆಮೇಲೆ ಹತ್ತು ಅಂದ್ರು. ನನಗೆ ಗೊತ್ತಿರೋದು ಒಂದೇ, ಮಗು ಮಲಗಿದೆ, ಮಲಗಲಿ."

ಮೂರನೆಯ ದಿನ ಮಧ್ಯಾಹ್ನ ಮೆರೆಯೋನಿ ಗಂಡನ ಬೆರಳಿಗೆ ಯಂತ್ರ ಸಿಕ್ಕಿಸಿದಳು. ಸಂಘದವರು ಮನೆಯಿಂದ ಮನೆಗೆ ಒರೆಸಿ ಕೊಡುತ್ತಿದ್ದ ಯಂತ್ರ ಅದು. ಅಪಿಸಾಯಿಗೆ ಜ್ವರ ಹಿಡಿದು ಅಂದಿಗೆ ಏಳು ದಿನ. ಅಂಕಿ ತೊಂಬತ್ತೊಂದು ಎಂದಿತು. ಬೆರಳು ತಣ್ಣಗಿರಬಹುದೆಂದು ಉಜ್ಜಿ ಮತ್ತೆ ನೋಡಿದಳು. ತೊಂಬತ್ತು.

"ಆರಾಮಾಗಿದ್ದೀನಿ ಕಣೇ," ಎಂದ ಅಪಿಸಾಯಿ. "ನಿನ್ನ ಯಂತ್ರಕ್ಕೇ... ಜ್ವರ ಬಂದಿರ್ಬೇಕು." ನಗಲು ಹೋಗಿ ನಡುವೆ ನಿಂತ. "ಅಮ್ಮಂಗೆ... ಹೇಳ್ಬೇಡ... ಸುಮ್ನೆ ಗಾಬರಿ."

ಉಸಿರು ಸರಾಗವಾಗಲೆಂದು ಮೆರೆಯೋನಿ ಅವನನ್ನು ಬೋರಲು ಮಲಗಿಸಿದಳು. ಹೊಸ್ತಿಲಿಗೆ ಬಂದು ನಿಂತಳು. ಕೆಲೆರಾ ಕಣ್ಣು ಮುಚ್ಚಿ ಒಂದು ಗಂಟೆಯೂ ಆಗಿರಲಿಲ್ಲ. ಹಿಂದಿನ ದಿನ ಅಪಿಸಾಯಿಯನ್ನು ನೋಡಲು ಬಂದಾಗ ಅವಳ ಮೂಗಿನ ಮೇಲೆ ಮಾಸ್ಕಿನ ಗಾಯ ಕಂಡಿತ್ತು. ಅವಳೂ ಯಾರದೋ ಮಗಳು, ಸಂಜೆಯವರೆಗೆ ಕಾಯಬಹುದಲ್ಲ ಎನ್ನಿಸಿತು. ಒಳಗಿನಿಂದ ಗಂಡನ ಉಸಿರು ಓಡಿ ಬಂದವನ ಉಸಿರಿನಂತೆ ಕೇಳಿಸುತ್ತಿತ್ತು. ಅವನು ಬೆಳಿಗ್ಗೆಯಿಂದ ಹಾಸಿಗೆ ಬಿಟ್ಟೆದ್ದಿರಲಿಲ್ಲ. ಮೆರೆಯೋನಿ ಮಾಸ್ಕ್ ಬಿಗಿದುಕೊಂಡು ನಡೆದಳು.

ಆಸ್ಪತ್ರೆಯ ಮೆಟ್ಟಿಲಿಂದ ದೂರದಲ್ಲೇ ನಿಂತಳು. ಮನೆಯಲ್ಲಿ ಕಾಯಿಲೆಯಿದ್ದವರು ಹತ್ತಿರ ಹೋಗಬಾರದಲ್ಲ.

"ಅತ್ತೆ, ಕೆಲೆರಾನ ಎಬ್ಬಿಸಿ."

"ಶ್! ಮೆಲ್ಲಗೆ ಮಾತಾಡೇ. ಈಗ ತಾನೇ ಮಲಗಿದ್ದಾಳೆ."

"ನಿಮ್ಮ ಮಗಂದು ತೊಂಬತ್ತಿದೆ."

ತಿತಿಲಿಯಾಳ ಬೆರಳು ಒಂದು ಕ್ಷಣ ನಿಂತಿತು. ಮತ್ತೆ ಹೆಣೆಯತೊಡಗಿದಳು. "ಅವನಪ್ಪ ಇದಕ್ಕಿಂತ ಜೋರಾಗಿ ಕೆಮ್ಮಿದ್ದ. ಕೆಮ್ಮಿ ಎದ್ದು ಮೀನಿಗೆ ಹೋದ. ಶುಂಠಿ ಕುದಿಸಿ ಕೊಡು, ಸಂಜೆ ನೋಡೋಣ."

"ಕಾಗದದಲ್ಲಿ ಬರೆದಿದೆಯಲ್ಲ ಅತ್ತೆ."

"ನಾಳೆ ನಾಲ್ಕನೇ ಕಾಗದ ಬರುತ್ತೆ ಬಿಡು." ಆಮೇಲೆ ದನಿ ತಗ್ಗಿಸಿದಳು. "ನೋಡು, ನಿನ್ನೆ ಊರ ಮುಖಂಡನ ಹೆಂಡ್ತೀನೇ ಮೊಣಕಾಲು ನೋವು ಅಂತ ಬಂದ್ರೆ ವಾಪಸ್ ಕಳಿಸಿದ್ದೀನಿ. ಈಗ ನನ್ನ ಮಗನಿಗೆ ಅಂತ ಬಾಗಿಲು ತೆಗೆದ್ರೆ ನಾಳೆ ಊರಿಗೆ ಯಾವ ಮುಖ ತೋರಿಸ್ಲಿ?"

ಮೆರೆಯೋನಿಗೆ ಸಿಟ್ಟು ಬರಲಿಲ್ಲ. ಮುದುಕಿ ಒಂದೇ ಗರಿಯನ್ನು ಹೆಣೆದು ಬಿಚ್ಚಿ ಮತ್ತೆ ಹೆಣೆಯುತ್ತಿರುವುದು ಅವಳಿಗೆ ಕಾಣುತ್ತಿತ್ತು.

"ಅತ್ತೆ, ದೊಡ್ಡ ಚಂಡಮಾರುತ ಬಂದ್ಮೇಲೆ ಹವಳದ ಬಂಡೆ ಸರಿದು ನಮ್ಮ ದೋಣಿ ದಾರಿ ಮುಚ್ಚಿಹೋಯ್ತಲ್ಲ. ಆಗ ಅಪಿಸಾಯಿ ದಿನಕ್ಕೊಂದು ಕಡೆ ದೋಣಿ ತಿರುಗಿಸಿ ನೋಡಿದ್ರು. ನಿನ್ನೆ ಆ ಕಡೆ ಅಂದೆ, ಇವತ್ತು ಈ ಕಡೆ ಅಂತೀಯಾ ಅಂತ ಯಾರಾದ್ರೂ ಬೈದ್ರಾ? ಕಾಯಿಲೆ ಹೊಸದು. ಡಾಕ್ಟರುಗಳೂ ನೋಡಿ ನೋಡಿ ಕಲೀತಿದ್ದಾರೆ. ಕಲಿತ ಹಾಗೆ ಕಾಗದ ಬದಲಾಗುತ್ತೆ."

ತಿತಿಲಿಯಾ ಬಾಗಿಲ ಮೇಲಿನ ಕಾಗದವನ್ನು ತಿರುಗಿ ನೋಡಿದಳು.

"ಮೊಣಕಾಲು ನೋವು ಆ ಕಾಗದದಲ್ಲಿಲ್ಲ. ನೀವು ಕಳಿಸಿದ್ದು ಸರಿ. ತೊಂಬತ್ತು ಅದರಲ್ಲಿದೆ. ಅವಳ ನಿದ್ದೆ ಕಾಯ್ತೀರಲ್ಲ ಅತ್ತೆ, ಅವಳ ಮಾತು ಕಾಯೋದು ಬೇಡ್ವಾ?"

"ಅವನು... ಮಾತಾಡ್ತಾನಾ?"

"ಮಾತಾಡ್ತಾರೆ. ಅಮ್ಮಂಗೆ ಹೇಳ್ಬೇಡ ಅನ್ನೋಕೆ ಮೂರು ಸಲ ಉಸಿರು ತಗೊಂಡ್ರು."

ಗರಿಗಳು ಜಗುಲಿಯ ತುಂಬ ಚೆಲ್ಲಿದವು. ತಿತಿಲಿಯಾ ಎರಡೂ ಕೈಯಿಂದ ಬಾಗಿಲು ಬಡಿದಳು. "ಏಳು ಮಗಾ! ಕೆಲೆರಾ, ಏಳಮ್ಮ!"

ಕೆಲೆರಾ ಹೋಗಿ ನೋಡುವಷ್ಟರಲ್ಲಿ ಅಂಕಿ ಎಂಬತ್ತೆಂಟಕ್ಕೆ ಇಳಿದಿತ್ತು. ಆಕ್ಸಿಜನ್ ಯಂತ್ರವನ್ನು ತಳ್ಳುಗಾಡಿಯಲ್ಲಿ ತಂದು ಹಚ್ಚಿದಳು. ರೇಡಿಯೋದಲ್ಲಿ ಆಚೆ ದ್ವೀಪದ ದೊಡ್ಡಾಸ್ಪತ್ರೆಯನ್ನು ಕರೆದಳು. ಸಂಜೆ ಸಮುದ್ರದ ನೀರು ಇಳಿದರೆ ದೋಣಿ ಹವಳದ ಬಂಡೆ ದಾಟುವುದಿಲ್ಲ. ಇಳಿಯುವ ಮೊದಲೇ ಬಂದ ದೋಣಿ ಅಪಿಸಾಯಿಯನ್ನು ಕರೆದೊಯ್ದಿತು. ದಡದಲ್ಲಿ ತಿತಿಲಿಯಾ ಸೊಸೆಯಿಂದ ಹತ್ತು ಹೆಜ್ಜೆ ದೂರ ನಿಂತು ಕೈಬೀಸುತ್ತಲೇ ಇದ್ದಳು, ದೋಣಿ ಚುಕ್ಕೆಯಾಗುವವರೆಗೂ.

"ಸಂಜೆಯ ತನಕ ಬಿಟ್ಟಿದ್ರೆ ದೋಣಿ ಸಿಕ್ತಿರಲಿಲ್ಲ," ಎಂದಳು ಕೆಲೆರಾ.

"ನಿನ್ನ ನಿದ್ದೆ ಕೆಡಿಸಿದೆ ಮಗಾ."

"ಅಜ್ಜಿ, ಇದಕ್ಕೆ ನೀವು ಎಬ್ಬಿಸದೆ ಹೋಗಿದ್ರೆ ನನಗೆ ಮತ್ತೆಂದೂ ನಿದ್ದೆ ಬರ್ತಿರಲಿಲ್ಲ. ಗಂಟಲು ಕೆರೆತ ಎಲ್ಲ ನೀವೇ ನೋಡ್ಕೊಳ್ಳಿ. ಉಸಿರಿನ ವಿಷಯಕ್ಕೆ ಮಾತ್ರ ನಾಚ್ಕೋಬೇಡಿ."

ಹನ್ನೊಂದು ದಿನವಾದ ಮೇಲೆ ಅಪಿಸಾಯಿ ಬಂದ. ಸೊರಗಿ ಅರ್ಧವಾಗಿದ್ದ, ಆದರೆ ದೋಣಿಯಿಂದ ತಾನೇ ಇಳಿದ. ಅಷ್ಟರಲ್ಲಿ ತಿತಿಲಿಯಾ ಊರನ್ನೇ ತಿದ್ದಿಬಿಟ್ಟಿದ್ದಳು. ಬುಟ್ಟಿ ತಂದವರು ಆಸ್ಪತ್ರೆಯ ಬೆಂಚಿನ ಮೇಲಿಟ್ಟು ಹಿಂತಿರುಗಬೇಕು, ಯಾರೂ ಕೂರುವಂತಿಲ್ಲ. "ಅವಳು ನಿಮ್ಮ ಜೊತೆ ತಿನ್ನದಿದ್ರೆ ಅವಮಾನ ಅಲ್ಲ, ಅವಳ ಮಾಸ್ಕ್ ತೆಗೆಸೋದು ಅವಮಾನ," ಎಂದು ಮುಖಂಡನ ಹೆಂಡತಿಗೂ ಹೇಳಿದಳು. ಗಂಡಸರು ಒಟ್ಟಿಗೆ ಕೂತು ಯಂಗೋನ ಎಂಬ ಬೇರಿನ ಪಾನಕ ಕುಡಿಯಲು ತಂತಮ್ಮ ತೆಂಗಿನ ಚಿಪ್ಪು ತರಬೇಕು, ಒಂದೇ ಚಿಪ್ಪು ಸುತ್ತಿಸುವುದು ಸದ್ಯಕ್ಕೆ ಬಂದ್. ದಿನವೂ ಬೆಳಿಗ್ಗೆ ಮೆರೆಯೋನಿ ಮತ್ತು ಇನ್ನೊಬ್ಬಳು ಕಾಯಿಲೆಯ ಮನೆಗಳಿಗೆಲ್ಲ ಫೋನ್ ಮಾಡಿ ಅಂಕಿ ಬರೆದುಕೊಂಡು ಕೆಲೆರಾಗೆ ಒಂದೇ ಪಟ್ಟಿ ಕೊಡುತ್ತಿದ್ದರು. ಸಂಘದವರು ಬರೆದ ಪತ್ರಕ್ಕೆ ಎರಡು ವಾರದ ಮಟ್ಟಿಗೆ ಇನ್ನೊಬ್ಬ ನರ್ಸೂ ಬಂದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಜ್ವರದ ಮನೆಗಳನ್ನು ಸುತ್ತಿ ಸುತ್ತಿ ಕಾಲು ಬಾತ ಒಬ್ಬಳು ಇರುತ್ತಾಳೆ. ಅವಳ ಮೇಲೆ ನಿಮಗೆ ಪ್ರೀತಿಯಿದ್ದರೆ ಅವಳು ಕೊಟ್ಟ ಸೂಚನೆಯನ್ನು ಮನೆಮಂದಿಗೆಲ್ಲ ಇವತ್ತೇ ಓದಿ ಹೇಳಿ. ಅದು ಬದಲಾದರೆ ಗೊಣಗದೆ ಹೊಸದನ್ನು ಅಂಟಿಸಿ. ಮನೆಯಲ್ಲೇ ನೋಡಿಕೊಳ್ಳಬಹುದಾದದ್ದನ್ನು ಮನೆಯಲ್ಲೇ ನೋಡಿಕೊಳ್ಳಿ, ಅವಳು ಒಂದು ಗಂಟೆ ಕಣ್ಣು ಮುಚ್ಚಲಿ. ನಿಮ್ಮವರಿಗೆ ಉಸಿರು ಸಾಲದಾದಾಗ ಮಾತ್ರ, ಅಯ್ಯೋ ಪಾಪ ದಣಿದಿದ್ದಾಳೆ ಎಂದು ಹೊಸ್ತಿಲಲ್ಲಿ ನಿಲ್ಲಬೇಡಿ. ಹೋಗಿ ಬಾಗಿಲು ಬಡಿಯಿರಿ.