ಬಾಯಿ ತೆಗಿ, ನೋಡೋಣ

ಮಕ್ಕಳನ್ನು ನೋಡಿಕೊಳ್ಳುವ ಆ ಮನೆಯ ಬಾಗಿಲಲ್ಲಿ ಆಯಾ ನಿಂತಳೆಂದರೆ ನೊಣವೂ ಕೇಳಿಯೇ ಒಳಗೆ ಬರಬೇಕು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಸ್ಟೀಲ್ ಚಮಚ. ಬಂದ ಮಗುವಿನ ಅಂಗೈ, ಅಂಗಾಲು ನೋಡಿ, ನಾಲಿಗೆಯನ್ನು ಚಮಚದಿಂದ ಒತ್ತಿ ಬಾಯೊಳಗೆ ಇಣುಕುವಳು. ಆಮೇಲೆ ಚಮಚವನ್ನು ಏಪ್ರನ್ನಿಗೆ ಒರೆಸಿ ಮುಂದಿನವರನ್ನು ಕರೆಯುವಳು. ಊರಲ್ಲಿ ಮಕ್ಕಳಿಗೆ ಕೈ-ಕಾಲು-ಬಾಯಿ ರೋಗ ಹರಡಿತ್ತು. ಒಂದು ಗುಳ್ಳೆ ಕಂಡರೂ ವಾಪಸ್ ಕಳಿಸು, ನಿನ್ನಿಂದ ರೋಗ ಒಳಗೆ ಬಂತೋ ನಿನ್ನ ಕೆಲಸ ಹೋಯಿತು ಎಂದು ಯಜಮಾನಿ ಹೇಳಿದ್ದಳು. ಕೆಲಸ ಹೋದರೆ ಅಲ್ಲೇ ಬಿಟ್ಟಿಯಾಗಿ ಬೆಳೆಯುತ್ತಿದ್ದ ಆಯಾಳ ಮಗಳಿಗೂ ಜಾಗವಿಲ್ಲ.

ಮೊದಲು ಸಿಕ್ಕಿಬಿದ್ದವನು ಹೋಟೆಲಿನ ಅಡುಗೆಯವಳ ಮಗ. ಬಾಯೊಳಗೆ ಕೆಂಪು ಹುಣ್ಣು. ಇವತ್ತು ರಜೆ ಹಾಕಿದರೆ ಕೆಲಸದಿಂದ ತೆಗೆಯುತ್ತಾರೆ, ಮೂಲೆಯಲ್ಲಿ ಬೇರೆ ಕೂರಿಸಿ ಎಂದು ಅವಳು ಅಂಗಲಾಚಿದಳು. ಆಯಾ ಜಗ್ಗಲಿಲ್ಲ. ಚಮಚ ಒರೆಸಿ ಮುಂದಿನ ಮಗುವಿನ ಬಾಯಿ ತೆರೆಸಿದಳು. ಅಡುಗೆಯವಳ ಕೆಲಸ ಅಂದೇ ಹೋಯಿತು.

ಆದರೂ ವಾರದೊಳಗೆ ಮಕ್ಕಳು ಒಬ್ಬೊಬ್ಬರಾಗಿ ಅದೇ ರೋಗದಿಂದ ಮಲಗಿದರು. ಎಲ್ಲ ಆ ಹುಡುಗನಿಂದಲೇ ಎಂದು ಯಜಮಾನಿ ತೀರ್ಮಾನಿಸಿ ಅವನ ಜಾಗವನ್ನೇ ಕಿತ್ತುಕೊಂಡಳು. ಹುಣ್ಣು ಕಂಡ ಮೇಲೆ ಹೊಸ್ತಿಲು ದಾಟದವನು ಒಳಗಿದ್ದವರಿಗೆ ಹೇಗೆ ಅಂಟಿಸಿದ ಎಂದು ಯಾರೂ ಕೇಳಲಿಲ್ಲ. ಬಡವರ ತಲೆಯ ಮೇಲೆ ಗೂಬೆ ಕೂರಿಸಲು ಪುರಾವೆ ಯಾಕೆ ಬೇಕು?

ಮಗನ ದಿಂಬು, ಲೋಟ ಒಯ್ಯಲು ಅಡುಗೆಯವಳು ಬಂದಾಗ ಉಳಿದ ಮಕ್ಕಳ ತಪಾಸಣೆ ನಡೆದಿತ್ತು. ಚಮಚ ಒಂದು ಬಾಯಿಂದ ಏಪ್ರನ್ನಿಗೆ, ಏಪ್ರನ್ನಿಂದ ಇನ್ನೊಂದು ಬಾಯಿಗೆ ಹೋಗುವುದನ್ನು ನೋಡುತ್ತಾ ನಿಂತಳು.

“ನನ್ನ ಮಗನ ಬಾಯಿಗೆ ಹಾಕಿದ್ದೂ ಇದೇ ಚಮಚ ಅಲ್ವಾ ಅಕ್ಕ?” ಎಂದಳು ಮೆಲ್ಲಗೆ. “ರುಚಿ ನೋಡಿದ ಚಮಚಾನ ನಾವು ತೊಳೀದೆ ಮತ್ತೆ ಪಾತ್ರೆಗೆ ಅದ್ದಲ್ಲ.”

ಆಯಾ ಕೈಯಲ್ಲಿದ್ದ ಚಮಚವನ್ನೇ ನೋಡಿದಳು. ಏನಂತೆ ಅವಳದು ಎಂದು ಯಜಮಾನಿ ಒಳಗಿನಿಂದ ಕೇಳಿದಳು. ಆಯಾಗೆ ಮಗಳು ನೆನಪಾದಳು.

“ಏನಿಲ್ಲ ಮೇಡಂ, ಹೊಟ್ಟೆಯುರಿ.”

ಅಡುಗೆಯವಳು ಜಗಳಕ್ಕೆ ನಿಲ್ಲಲಿಲ್ಲ. ದಿಂಬನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೋದಳು. ಇಂಥ ಆಯಾ ಸಿಗಲು ಪುಣ್ಯ ಮಾಡಿರಬೇಕು ಎಂದು ಯಜಮಾನಿ ಬೆನ್ನು ತಟ್ಟಿದಳು. ಆ ಹೊಗಳಿಕೆ ಬಾಯಲ್ಲಿಟ್ಟ ಬಿಸಿತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಸಂಜೆ ಮಗಳನ್ನು ಕರೆದುಕೊಂಡು ತನ್ನ ಮನೆಗೆ ಬಂದರೆ ಅವಳ ಮೈ ಕಾದ ಹೆಂಚು. ಬೆಳಿಗ್ಗೆ ಕಾಣದ ಗುಳ್ಳೆ ಈಗ ಅಂಗೈ ತುಂಬ, ಬಾಯಿಂದ ಜೊಲ್ಲು. ದಿನವೂ ಸಾಲಿನ ಕೊನೆಗೆ ಅವಳ ಬಾಯನ್ನೂ ನೋಡುತ್ತಿದ್ದಳಲ್ಲ ಮಹಾತಾಯಿ, ನ್ಯಾಯ ಎಲ್ಲರಿಗೂ ಒಂದೇ ಎಂದು ತೋರಿಸಲು! ಆಯಾ ಹಾಲು ಆರಿಸಿ ಚಮಚದಲ್ಲಿ ಎತ್ತಿ ಹಿಡಿದಳು.

ಚಮಚ ಕಂಡದ್ದೇ ಮಗಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದಲೇ, “ಗುಳ್ಳೆ ಇಲ್ಲಮ್ಮ, ನನ್ನ ವಾಪಸ್ ಕಳಿಸ್ಬೇಡ,” ಎಂದಳು.