ಸುದ್ದಿಪತ್ರದ ಹಿಂಬದಿಯಲ್ಲಿ ಚಿಕ್ಕಪ್ಪನ ಭುಜ

ಇದನ್ನು ಹೇಳಲು ನನಗಿಂತ ಯೋಗ್ಯರು ನಮ್ಮ ಸಂಘದಲ್ಲೇ ನೂರು ಜನರಿದ್ದಾರೆ. ನಾನು ಹಗಲೆಲ್ಲ ಕ್ಲಿನಿಕ್ಕಿನ ಬಾಗಿಲಲ್ಲಿ ಕೂತು ರೋಗಿಗಳ ಚೀಟಿ ಬರೆಯುತ್ತ, ಸಂಜೆ ತರಗತಿಗಳಲ್ಲಿ ಓದಿ ಫಿಸಿಯೋಥೆರಪಿಸ್ಟ್ ಆದವಳು. ಬರೆದದ್ದನ್ನು ಮೂರು ಸಲ ಓದದೆ ಯಾರ ಕೈಗೂ ಕೊಡುವುದಿಲ್ಲ. ಹಾಗಿದ್ದೂ ಒಂದು ತಪ್ಪು ನನ್ನದೇ ಕೈಬರಹದಲ್ಲಿ ನಡೆದುಹೋಯಿತು. ಹೇಳುವ ಧೈರ್ಯ ಮಾಡಿದ್ದೇನೆ. ಎಲ್ಲಾದರೂ ಹೆಚ್ಚುಕಡಿಮೆ ಆದರೆ ಕ್ಷಮಿಸಿ.

ನಮ್ಮದು ನಾಲ್ಕು ಊರುಗಳ ಫಿಸಿಯೋಥೆರಪಿಸ್ಟರ ಸಂಘ. ಸದಸ್ಯರು ನೂರಾ ಹನ್ನೆರಡು. ಅಧ್ಯಕ್ಷೆಯನ್ನು ಎಲ್ಲರೂ ಮೊಣಕಾಲು ಮೇಡಂ ಎನ್ನುತ್ತಾರೆ; ಅರ್ಧ ಪಟ್ಟಣದ ಮೊಣಕಾಲುಗಳು ಅವರ ಕೈಯಲ್ಲೇ ಪಳಗಿದವು. ಇಪ್ಪತ್ತೆರಡು ವರ್ಷದ ಹಿಂದೆ ಸಂಘ ಕಟ್ಟಿದವರೂ ಅವರೇ. ನಾನು ಕಾರ್ಯದರ್ಶಿ. ಎಂದರೆ, ಎರಡು ತಿಂಗಳಿಗೊಮ್ಮೆ ಒಂದು ಹಾಳೆಯ ಸುದ್ದಿಪತ್ರ ಬರೆದು ಅಂಚೆಗೆ ಹಾಕುವವಳು. ಯಾರು ಹೊಸ ಕ್ಲಿನಿಕ್ ತೆರೆದರು, ಯಾರಿಗೆ ಮಗುವಾಯಿತು, ಬೆನ್ನುನೋವಿನ ಉಪನ್ಯಾಸ ಯಾವ ಊರಲ್ಲಿ, ಇಷ್ಟೇ. ಆರು ವರ್ಷದಲ್ಲಿ ಸದಸ್ಯರಿಂದ ಬಂದ ಉತ್ತರಗಳು ಎರಡು. ಒಂದು, ವಿಳಾಸ ಬದಲಾಗಿದೆ ಎಂದು. ಇನ್ನೊಂದು, ದಯವಿಟ್ಟು ಕಳಿಸಬೇಡಿ ಎಂದು.

ಮಹಾಸಭೆಗೆ ನಲವತ್ತು ಸದಸ್ಯರು ಬರಬೇಕೆಂಬುದು ನಿಯಮ. ಎರಡು ವರ್ಷ ಅಷ್ಟು ಜನ ಬರಲಿಲ್ಲ. ಮೊದಲು ಹದಿನೇಳು, ಆಮೇಲೆ ಹನ್ನೊಂದು. ಮೂರನೇ ವರ್ಷವೂ ಕೋರಂ ಆಗದಿದ್ದರೆ ಸಂಘ ಮುಚ್ಚಿ, ಎಲ್ಲರನ್ನೂ ರಾಜಧಾನಿಯ ದೊಡ್ಡ ಸಂಘಕ್ಕೆ ಸೇರಿಸಬೇಕಿತ್ತು.

"ಮುಚ್ಚಿದ್ರೆ ಮುಚ್ಚಲಿ ಬಿಡು," ಎಂದರು ಮೇಡಂ, ಸಂಘದ ಹೆಸರಿನ ತಗಡಿನ ಫಲಕ ಒರೆಸುತ್ತ. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು.

ಆ ಸಲದ ಸುದ್ದಿಪತ್ರದ ಮುಂಬದಿಯಲ್ಲಿ ಸುದ್ದಿ ಮತ್ತು ಸಭೆಯ ದಿನಾಂಕ. ಹಿಂಬದಿಯಲ್ಲಿ, ಮತ್ತೊಮ್ಮೆ ದಿನಾಂಕ ಹಾಕಿ, ನನ್ನ ಮನವಿ. ನಾಲ್ಕು ದಿನ ಕೂತು ಬರೆದ ಮನವಿ ಅದು. 'ತಮ್ಮೊಬ್ಬರ ಉಪಸ್ಥಿತಿ ಇಲ್ಲದೆ ಈ ಸಂಘ ಉಳಿಯಲಾರದು' ಎಂಬ ಸಾಲನ್ನು ಬರೆದು ನಾನೇ ಎರಡು ಸಲ ಗಟ್ಟಿಯಾಗಿ ಓದಿಕೊಂಡಿದ್ದೆ.

ಅದೇ ದಿನ ಚಿಕ್ಕಪ್ಪನಿಗೂ ಒಂದು ಹಾಳೆ ಬರೆದೆ. ಚಿಕ್ಕಪ್ಪ ದರ್ಜಿ. ಬಲಭುಜ ಬಿಗಿದುಕೊಂಡು ಕೈ ಎದೆಮಟ್ಟ ದಾಟುತ್ತಿರಲಿಲ್ಲ. ಕಲಿಸಿದ ವ್ಯಾಯಾಮವನ್ನು ಮನೆ ಮುಟ್ಟುವುದರೊಳಗೆ ಮರೆಯುವ ಆಸಾಮಿ. ಅದಕ್ಕೇ ಹೀಗೆ ಬರೆದಿದ್ದೆ:

'ಚಿಕ್ಕಪ್ಪಾ, ಒಂದನೇದು: ಎಡಗೈ ಮೇಜಿನ ಮೇಲೆ ಊರಿ, ಬಗ್ಗಿ, ಬಲಗೈ ಇಳಿಬಿಟ್ಟು ಮೆಲ್ಲಗೆ ತೂಗಿ. ಎರಡನೇದು: ಬಲಗೈ ಬೆರಳು ಗೋಡೆ ಹತ್ತಬೇಕು. ಎಲ್ಲಿಗೆ ಮುಟ್ಟಿತೋ ಅಲ್ಲಿ ಸೀಮೆಸುಣ್ಣದ ಗುರುತು. ಗುರುತನ್ನ ಸುಮ್ಮಸುಮ್ಮನೆ ಮೇಲೆ ಹಾಕಬೇಡಿ, ಚಿಕ್ಕಮ್ಮ ನೋಡ್ತಿರ್ತಾರೆ. ಮೂರನೇದು: ಬೆನ್ನ ಹಿಂದೆ ಟವೆಲ್ ಹಿಡಿದು, ಮೇಲಿನ ಬಲಗೈಯಿಂದ ಎಳೆದು, ಕೆಳಗಿನ ಎಡಗೈಯನ್ನ ಮೇಲಕ್ಕೆ ತನ್ನಿ. ಮಾಡಿದೆ ಅಂತ ಸುಳ್ಳು ಹೇಳಿದ್ರೆ ಭುಜ ನೋಡಿದ ತಕ್ಷಣ ನನಗೆ ಗೊತ್ತಾಗುತ್ತೆ.'

ಮುಂಬದಿಯ ಹಾಳೆ ಆಗಲೇ ಝೆರಾಕ್ಸ್ ಅಂಗಡಿಯಲ್ಲಿತ್ತು. ಉಳಿದದ್ದು ಎರಡು ಹಾಳೆ, ಎರಡು ಲಕೋಟೆ: ಮನವಿ ಝೆರಾಕ್ಸಿಗೆ, ಇನ್ನೊಂದು ಚಿಕ್ಕಪ್ಪನಿಗೆ. ಎರಡನ್ನೂ ಮೇಡಂ ಕೈಗೆ ಕೊಟ್ಟೆ, ಝೆರಾಕ್ಸ್ ಅಂಗಡಿ ಚಿಕ್ಕಪ್ಪನ ಅಂಗಡಿಯ ಪಕ್ಕದಲ್ಲೇ ಇದ್ದದ್ದರಿಂದ. ಪ್ರತಿ ತೆಗೆಸಿ ಅಂಚೆಗೆ ಹಾಕುವ ಕೆಲಸವನ್ನೂ ಅವರೇ ವಹಿಸಿಕೊಂಡರು.

ಮೂರನೇ ದಿನ ಫೋನ್ ಬಂತು. ಪಕ್ಕದ ಊರಿನ ಹಿರಿಯ ಸದಸ್ಯರು. ಅವರನ್ನು ನಾವು ಸೊಂಟದ ಸರ್ ಎನ್ನುವುದು. ಆರು ವರ್ಷದಲ್ಲಿ ಒಮ್ಮೆಯೂ ಮಾತಾಡಿದವರಲ್ಲ.

"ನಿಮ್ಮ ಚಿಕ್ಕಪ್ಪನಿಗೆ ಮೂರನೇದು ಮಾಡ್ಬೇಡಿ ಅನ್ನಿ," ಎಂದರು.

"ಯಾವ ಮೂರನೇದು, ಸರ್?"

"ಟವೆಲ್ದು. ಬಿಗಿದಿರೋದು ಬಲಭುಜ ತಾನೆ? ಆ ಕೈ ಕೆಳಗಿರ್ಬೇಕು. ಅದಲುಬದಲು ಮಾಡಿದ್ದೀರಿ. ಪಾಪ, ಆ ಮನುಷ್ಯ ನೋವಲ್ಲಿ ನಿಮ್ಮ ವಂಶಾನೇ ಬೈತಿರ್ತಾನೆ. ಅದು ಅವನದೂ ವಂಶವೇ ಆದ್ರಿಂದ ಸ್ವಲ್ಪ ತಡ್ಕೊಂಡಿರ್ಬಹುದು."

ಸುದ್ದಿಪತ್ರ ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ನನ್ನ ಮನವಿ ಇರಲಿಲ್ಲ; 'ಚಿಕ್ಕಪ್ಪಾ, ಒಂದನೇದು' ಇತ್ತು. ನೂರಾ ಹನ್ನೆರಡು ಮನೆಗಳಿಗೆ ಚಿಕ್ಕಪ್ಪನ ಭುಜ ಹೋಗಿಯಾಗಿತ್ತು, ನನ್ನ ತಪ್ಪಿನ ಸಮೇತ.

ಆ ತಪ್ಪು ನಮ್ಮ ಕಸುಬಿನವರಿಗೇ ಅಂಟಿದ್ದು. ರೋಗಿಯ ಎದುರು ನಿಂತು ಮಾಡಿ ತೋರಿಸುತ್ತೇವೆ. ಅವರ ಬಲಗೈ ಎತ್ತಿಸಬೇಕಾದರೆ ಕನ್ನಡಿಯ ಹಾಗೆ ನಮ್ಮ ಎಡಗೈ ಎತ್ತುತ್ತೇವೆ. ವರ್ಷಗಟ್ಟಲೆ ಹೀಗೆ ಮಾಡಿದ ಮೇಲೆ, ಬರೆಯಲು ಕೂತಾಗ ಯಾವುದು ಯಾರ ಕೈ ಎಂಬುದೇ ಕಲಸಿಹೋಗುತ್ತದೆ.

ವಾರದಲ್ಲಿ ಮೂವತ್ತೊಂದು ಪತ್ರ ಬಂದವು, ಫೋನುಗಳು ಬೇರೆ. ಒಬ್ಬರು ಟವೆಲ್ ಹಿಡಿಯುವ ಕ್ರಮದ ಚಿತ್ರ ಬರೆದು ಕಳಿಸಿದ್ದರು. ಒಬ್ಬಾಕೆ, ತನ್ನ ಮಾವನೂ ಗೋಡೆಯ ಗುರುತನ್ನು ಕಳ್ಳತನದಲ್ಲಿ ಮೇಲೇರಿಸುತ್ತಾರೆ, ಒಮ್ಮೆಯಂತೂ ಸ್ಟೂಲು ಹತ್ತಿದ್ದರು ಎಂದು ಬರೆದಿದ್ದಳು. ಬಹಳ ಜನರ ಕೊನೆಯ ಸಾಲು ಒಂದೇ: ಸಭೆಗೆ ಚಿಕ್ಕಪ್ಪ ಬರುತ್ತಾರೆಯೇ?

ನಾನು ರಾಜೀನಾಮೆ ಬರೆದುಕೊಂಡು ಮೇಡಂ ಹತ್ತಿರ ಹೋದೆ.

"ಇದನ್ನ ಮಹಾಸಭೇಲಿ ಕೊಡ್ಬೇಕು," ಎಂದರು ಅವರು. "ಸಭೆ ಅನ್ನಿಸ್ಕೊಳ್ಳೋಕೆ ನಲವತ್ತು ಜನ ಬೇಕು. ಬರದಿದ್ರೆ ನೀನು ರಾಜೀನಾಮೇನೂ ಕೊಡೋ ಹಾಗಿಲ್ಲ, ಪಾಪ."

ಭಾನುವಾರ ಬೆಳಿಗ್ಗೆ ಶಾಲೆಯ ಹಾಲ್‌ನಲ್ಲಿ ಸಭೆ. ಮೊದಲು ಬಂದವರು ಚಿಕ್ಕಪ್ಪನೇ, ಇಸ್ತ್ರಿ ಹಾಕಿದ ಅಂಗಿ ತೊಟ್ಟು.

"ನೀವ್ಯಾಕೆ ಬಂದ್ರಿ, ಚಿಕ್ಕಪ್ಪಾ?"

"ನೀನೇ ಬರೆದಿದ್ದೆಯಲ್ಲಮ್ಮಾ. ನಾನಿಲ್ಲದೆ ಸಂಘ ಉಳಿಯಲ್ಲ ಅಂತ. ಓದಿ ನಿನ್ನ ಚಿಕ್ಕಮ್ಮ ಕಣ್ಣೊರೆಸ್ಕೊಂಡ್ಲು. ಇವರಿಗೆ ಇಷ್ಟು ಬೆಲೆ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಅಂದ್ಲು."

ನನ್ನ ಮನವಿಗೆ ಕರಗಿದವರು ಆ ಇಬ್ಬರೇ.

ಆಮೇಲೆ ಒಬ್ಬೊಬ್ಬರಾಗಿ ಬರತೊಡಗಿದರು. ಕೆಲವರ ಹೆಗಲ ಮೇಲೆ ಟವೆಲ್ ಇತ್ತು. ಹಾಕಿದ್ದ ಕುರ್ಚಿಗಳ ಮೇಲೆ ಯಾರೂ ಕೂರಲಿಲ್ಲ; ಅರ್ಧ ಗಂಟೆಗಿಂತ ಹೆಚ್ಚು ಕೂರಬೇಡಿ ಎಂದು ದಿನವಿಡೀ ಹೇಳುವ ಜನ. ಒಬ್ಬರು ಗೋಡೆಗೆ ಕೈ ಒತ್ತಿ ಕಾಲಿನ ಮೀನಖಂಡ ಸಡಿಲಿಸುತ್ತಿದ್ದರು, ಮತ್ತೊಬ್ಬರು ತುದಿಗಾಲಲ್ಲಿ ಏಳುತ್ತ ಇಳಿಯುತ್ತ ಇದ್ದರು. ಉಳಿದವರು ಚಿಕ್ಕಪ್ಪನ ಸುತ್ತ. ಶಾಖ ಕೊಡುವುದು ವ್ಯಾಯಾಮಕ್ಕೆ ಮುಂಚೆಯೋ ನಂತರವೋ ಎಂದು ಸೊಂಟದ ಸರ್ ಯಾರೊಡನೆಯೋ ಜಗಳಕ್ಕೆ ಬಿದ್ದಿದ್ದರು. ನಾನು ಮೂರು ಸಲ ಎಣಿಸಿದೆ. ಮೂವತ್ತೆಂಟು, ನಲವತ್ತನಾಲ್ಕು, ನಲವತ್ತೊಂದು.

ಮೇಡಂ ಮೇಜು ಕುಟ್ಟಿದರು. "ಎದುರು ನಿಂತು ಕಲಿಸಿ ಕಲಿಸಿ ಎಡಬಲ ತಪ್ಪಿ ಬರೆದವರೆಲ್ಲ ಕೈ ಎತ್ತಿ. ಸುಳ್ಳು ಹೇಳಿದ್ರೆ ಭುಜ ನೋಡಿದ ತಕ್ಷಣ ಗೊತ್ತಾಗುತ್ತೆ."

ಹಾಲ್ ನಗೆಯಲ್ಲಿ ಮುಳುಗಿತು. ಎಲ್ಲ ಕೈಗಳೂ ಮೇಲೆದ್ದವು. ಮೊದಲನೆಯ ಕೈ ಮೇಡಂರದೇ. ಎತ್ತಿದ ಕೈಗಳು ಅಲುಗದೆ ನಿಂತಿದ್ದರಿಂದ ಎಣಿಸುವುದು ಸುಲಭವಾಯಿತು. ಸರಿಯಾಗಿ ನಲವತ್ತು.

ಆದರೆ ಒಂದು ಕೈ ಎದೆಯ ಮಟ್ಟಕ್ಕೇ ನಿಂತಿತ್ತು.

"ಚಿಕ್ಕಪ್ಪಾ, ನೀವು ಇಳಿಸಿ. ನೀವು ಸದಸ್ಯರಲ್ಲ."

"ಕನ್ನಡಿ ನೋಡ್ಕೊಂಡು ಅಳತೆ ತಗೊಂಡು ಎಷ್ಟು ಜೇಬು ಎಡದ್ದು ಬಲಕ್ಕೆ ಹೊಲಿದಿದ್ದೀನಿ ಗೊತ್ತಾ? ಕೇಳಿದ ಮೇಲೆ ಎತ್ತಬೇಡ್ವಾ?" ಎನ್ನುತ್ತ ಕೈ ಇಳಿಸಿದರು.

"ಹಾಗಾದ್ರೆ ಮೂವತ್ತೊಂಬತ್ತು," ಎಂದರು ಮೇಡಂ. ಅವರ ದನಿ ಸಣ್ಣದಾಗಿತ್ತು.

ಚಿಕ್ಕಪ್ಪ ನನ್ನ ಕಡೆ ತಿರುಗಿದರು. "ಅಲ್ಲಮ್ಮಾ, ಆ ಹಾಳೆ ಬರೆದವಳು ನೀನು. ನಿನ್ನ ಕೈ ಎಲ್ಲಿ?"

ನನ್ನ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಪೆನ್ಸಿಲ್ ಇತ್ತು. ಎಣಿಸುವವಳೂ ಎಣಿಕೆಗೆ ಸೇರುತ್ತಾಳೆಂದು ಹೊಳೆದೇ ಇರಲಿಲ್ಲ. ಎತ್ತಿದೆ, ಪುಸ್ತಕ ಕೆಳಗೆ ಬಿತ್ತು.

"ನಲವತ್ತು," ಎಂದರು ಮೇಡಂ, ಮತ್ತು ಕುರ್ಚಿಯಲ್ಲಿ ಕೂತುಬಿಟ್ಟರು. ಅಂದು ಅಲ್ಲಿ ಕುರ್ಚಿ ಬಳಸಿದವರು ಅವರೊಬ್ಬರೇ. ನನ್ನ ರಾಜೀನಾಮೆಯನ್ನು ನಾಲ್ಕು ಮಡಿಕೆ ಮಾಡಿ, ಅಲುಗುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟರು.

ಸಭೆ ಮುಗಿದ ಮೇಲೆ ನಾಲ್ಕು ಜನ ಚಿಕ್ಕಪ್ಪನ ಎದುರು ನಿಂತು ಒಟ್ಟಿಗೇ ಟವೆಲ್ ಎಳೆದು ತೋರಿಸತೊಡಗಿದರು. ಚಿಕ್ಕಪ್ಪ ಕಂಗಾಲಾದರು. "ಎದುರಿಗೆ ನಿಲ್ಬೇಡ್ರೋ, ಪಕ್ಕಕ್ಕೆ ನಿಂತ್ಕೊಳ್ಳಿ," ಎಂದು ಮೇಡಂ ಗದರಿದರು. ಈಗ ಪ್ರತಿ ಸುದ್ದಿಪತ್ರದ ಹಿಂಬದಿಯಲ್ಲೂ ಯಾರಾದರೊಬ್ಬ ರೋಗಿಯ ಹಾಳೆ ಇರುತ್ತದೆ, ಅವರನ್ನು ಕೇಳಿಕೊಂಡೇ. ಉತ್ತರಗಳನ್ನು ಇಡಲು ಒಂದು ಡಬ್ಬ ತಂದಿದ್ದೇನೆ.

ಲಕೋಟೆಗಳಲ್ಲಿ ಹಾಳೆ ಬದಲಾದದ್ದು ಯಾರ ಕೈಯಲ್ಲಿ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಮೂರು ಸಲ ನೋಡಿದ್ದೆ. ಮೇಡಂರನ್ನು ಕೇಳಿದರೆ, ತಮ್ಮ ಕನ್ನಡಕದ ನಂಬರ್ ಬದಲಾಗಬೇಕು ಎನ್ನುತ್ತಾರೆ. ಚಿಕ್ಕಪ್ಪನ ಕೈ ಈಗ ಕಪಾಟಿನ ಮೇಲಿನ ಹಲಗೆಗೆ ಮುಟ್ಟುತ್ತದೆ. ಅದು ನಮ್ಮ ವ್ಯಾಯಾಮದಿಂದಲೋ, ಬಿಗಿದ ಭುಜ ತನ್ನ ಕಾಲಕ್ಕೆ ತಾನೇ ಸಡಿಲವಾಯಿತೋ, ಅದನ್ನೂ ನಾನು ಖಂಡಿತವಾಗಿ ಹೇಳಲಾರೆ.